ಓದುಗರ ಪ್ರಶ್ನೆ: ನೋಡುವವರಿಲ್ಲದ ತರಬೇತಿ

ಪ್ರಶ್ನೆ: ನಾನು ಪೂರ್ವ ಪ್ರಾಥಮಿಕ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾ ಓದುತ್ತಿದ್ದು, ಪ್ರಾಯೋಗಿಕ ತರಬೇತಿಗೆಂದು ನನ್ನನ್ನು ಒಂದು ಖಾಸಗಿ ನರ್ಸರಿಗೆ ಕಳುಹಿಸಿದ್ದಾರೆ. ಮೂರು ವಾರಗಳಿಂದ ಹಾಜರಿ ಬರೆಯುವುದು, ಊಟದ ಡಬ್ಬಿ ತೆರೆದುಕೊಡುವುದು, ಟೀಚರ್ ರಜೆ ಹಾಕಿದ ದಿನ ಇಡೀ ತರಗತಿಯನ್ನು ಒಬ್ಬಳೇ ನೋಡಿಕೊಳ್ಳುವುದು, ಇಷ್ಟೇ ನಡೆದಿದೆ. ಶನಿವಾರ ಮಾತ್ರ ರೆಕಾರ್ಡಿಗೆ ತಪ್ಪದೆ ಸಹಿ ಬೀಳುತ್ತದೆ. ಇದನ್ನು ತರಬೇತಿ ಎನ್ನಬಹುದೇ? ಮಕ್ಕಳೊಡನೆ ತೆಲುಗಿನಲ್ಲಿ ಮಾತನಾಡಿದರೆ ತಪ್ಪೇ?
– ವಿದ್ಯಾರ್ಥಿನಿ, ಮುಳಬಾಗಿಲು

ಉತ್ತರ: ಡಬ್ಬಿ ತೆರೆದುಕೊಡುವುದು ಕೀಳು ಕೆಲಸವಲ್ಲ, ಯಾವ ಮಗು ತಾನೇ ಮುಚ್ಚಳ ತಿರುಗಿಸಲು ಹೆಣಗುತ್ತದೆ, ಯಾವುದು ಸುಮ್ಮನೆ ನಿಮ್ಮ ಮುಖ ನೋಡುತ್ತದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಆದರೆ ನೀವು ಮಾಡಿದ್ದನ್ನು ಅನುಭವಿಯೊಬ್ಬರು ಕೂತು ನೋಡಿ, ಆಮೇಲೆ ನಿಮ್ಮೊಡನೆ ಮಾತನಾಡದಿದ್ದರೆ, ಅದು ಸಂಬಳವಿಲ್ಲದ ಚಾಕರಿಯೇ ಹೊರತು ತರಬೇತಿಯಲ್ಲ.

ಶ್ರೀನಿವಾಸಪುರದ ಕಡೆಯ ಒಂದು ಅಂಗನವಾಡಿಯಲ್ಲಿ ಕಂಡದ್ದನ್ನು ಹೇಳುತ್ತೇನೆ. ತರಬೇತಿಗೆ ಬಂದಿದ್ದ ಹುಡುಗಿ ಐದು ಹುಣಸೆ ಬೀಜಗಳನ್ನು ಸಾಲಾಗಿಟ್ಟು ಎಣಿಸು ಎಂದಾಗ, ನಾಲ್ಕು ವರ್ಷದ ಹುಡುಗ ಮೊದಲ ಬೀಜದ ಮೇಲೆ ಬೆರಳಿಟ್ಟು "ಒಕಟಿ" ಎಂದ. ಈಕೆ ಒಡನೆಯೇ "ಒಕಟಿ ಅಲ್ಲ, ಒಂದು" ಎಂದಳು. ಅವನ ಬೆರಳು ಎರಡನೆಯ ಬೀಜಕ್ಕೆ ಹೋಗಲೇ ಇಲ್ಲ. ಪಾಠ ಮುಗಿದ ಮೇಲೆ ನಾನು ಅದನ್ನು ನೆನಪಿಸಿದಾಗ, ಅವನಿಗೆ ಎಣಿಕೆಯೇ ಬರುವುದಿಲ್ಲವೆಂದು ತಾನು ಬರೆದುಕೊಂಡಿರುವುದಾಗಿ ಅವಳು ಹೇಳಿದಳು. ಮರುದಿನ ಅವಳು ಬಾಯಿ ಬಿಡದೆ ಕೂತಳು. ಹುಡುಗ ಒಂದೊಂದೇ ಬೀಜವನ್ನು ಮುಟ್ಟಿ, "ಒಕಟಿ, ರೆಂಡು, ಮೂಡು, ನಾಲುಗು" ಎನ್ನುತ್ತ, ಎರಡು ಭಾಷೆಗೂ ಒಂದೇ ಆದ "ಐದು" ಎಂಬಲ್ಲಿಗೆ ಬಂದು ನಿಂತ. ಒಂದು ವಸ್ತುವಿಗೆ ಒಂದು ಸಂಖ್ಯೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಾಠ ಮಾಡುವ ಗಡಿಬಿಡಿಯಲ್ಲಿರುವವಳಿಗೆ ಇದು ಕಾಣುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಇನ್ನೊಂದು ಜೊತೆ ಕಣ್ಣು ಬೇಕು.

ತೆಲುಗಿನ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ. 3ರಿಂದ 8 ವರ್ಷದವರೆಗಿನ ಅವಧಿಯನ್ನು ಬುನಾದಿ ಹಂತವೆಂದು ಕರೆದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದೆಡೆ ಮನೆಮಾತಿನಲ್ಲಿಯೇ ಕಲಿಸಿ ಎನ್ನುತ್ತದೆ. ಆದ್ದರಿಂದ ತೆಲುಗಿನಲ್ಲಿ ಆರಂಭಿಸಿ, ಕನ್ನಡದ ಮಾತನ್ನು ಹಾಡಿನಲ್ಲಿ, ಆಟದಲ್ಲಿ ಬೆರೆಸುತ್ತ ಹೋಗಿ.

ಇನ್ನು ನೀವು ಮಾಡಬೇಕಾದದ್ದು. ವಾರಕ್ಕೆ ಒಂದು ಚಟುವಟಿಕೆಯನ್ನಾದರೂ, ಐದಾರು ಮಕ್ಕಳ ಗುಂಪಿಗೆ, ತರಗತಿಯ ಟೀಚರ್ ನೋಡುತ್ತಿರುವಾಗಲೇ ಮಾಡಿಸಲು ಅವಕಾಶ ಕೇಳಿ, ಮುಗಿದ ಬಳಿಕ ಹತ್ತು ನಿಮಿಷ ಮಾತಿಗೆ ಕೊಡಿ ಎನ್ನಿ. ರೆಕಾರ್ಡಿನಲ್ಲಿ "ಹಠಮಾರಿ" ಎಂದು ಬರೆಯಬೇಡಿ. "ಗೊಂಬೆಯನ್ನು ಕೇಳಿದಾಗ ಎರಡು ಸಲ ತಲೆಯಲ್ಲಾಡಿಸಿ, ಮೂರನೆಯ ಸಲ ಕೊಟ್ಟಳು" ಎಂದು ಕಂಡದ್ದನ್ನು ಬರೆಯಿರಿ, ಆಗ ಸಹಿ ಹಾಕುವವರು ಓದಿಯೇ ತೀರಬೇಕಾಗುತ್ತದೆ. ಇಡೀ ತರಗತಿಯನ್ನು ನಿಮ್ಮೊಬ್ಬರ ಮೇಲೆ ಬಿಡುವ ಸಂಗತಿಯನ್ನು ಮಾತ್ರ ನಿಮ್ಮ ಕಾಲೇಜಿನ ಉಪನ್ಯಾಸಕರಿಗೆ ಬರವಣಿಗೆಯಲ್ಲಿಯೇ ತಿಳಿಸಿ. ಅದು ನಿಮ್ಮ ಕಲಿಕೆಯ ಪ್ರಶ್ನೆ ಮಾತ್ರವಲ್ಲ, ಮಕ್ಕಳ ಸುರಕ್ಷತೆಯದೂ ಹೌದು.

ಪ್ರಶ್ನೆ: ನಾನು ಪಿಯುಸಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆ. ನಮಗೆ ಮೊಬೈಲಿನಲ್ಲಿಯೇ ತರಬೇತಿ ಕೊಟ್ಟರೆ ಸಾಲದೇ?
– ಓದುಗರು, ಗೌರಿಬಿದನೂರು

ಉತ್ತರ: ನಿಮ್ಮಂಥವರಿಗೆ ಆರು ತಿಂಗಳ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ತರಬೇತಿಯನ್ನು ಮೊಬೈಲ್, ಟಿವಿ ಮೂಲಕವೂ ನೀಡಬಹುದೆಂದು ಆ ನೀತಿಯೇ ಹೇಳಿದೆ. ಆದರೆ ತಿಂಗಳಿಗೊಮ್ಮೆಯಾದರೂ ಮುಖಾಮುಖಿ ತರಗತಿ ಇರಬೇಕೆಂದೂ ಅಲ್ಲಿಯೇ ಇದೆ. ನನ್ನ ಲೆಕ್ಕದಲ್ಲಿ ಅದೂ ಕಡಿಮೆಯೇ. ನಿಮ್ಮ ಮೇಲ್ವಿಚಾರಕಿ ಮುಂದಿನ ಸಲ ಕೇಂದ್ರಕ್ಕೆ ಬಂದಾಗ ದಾಖಲೆ ಪುಸ್ತಕಗಳಿಗೆ ಮೊದಲು, ನೀವು ಕಥೆ ಹೇಳುವುದನ್ನು ಹದಿನೈದು ನಿಮಿಷ ನೋಡಿ ಎಂದು ಕೂರಿಸಿಕೊಳ್ಳಿ.