ಪೇಟೆಯ ಚಿತ್ರ ಬರೆಯಲು ಎಲ್ಲಿ ನಿಲ್ಲಬೇಕು?

ಪ್ರಶ್ನೆ: ಶಿರಸಿಯಲ್ಲಿದ್ದೇನೆ. ಬಿಡುವಾದಾಗ ಜಲವರ್ಣದಲ್ಲಿ ನಮ್ಮ ಪೇಟೆಯ ಚಿತ್ರ ಬರೆಯುತ್ತೇನೆ. ಅಂಗಡಿ, ಬೋರ್ಡು, ಕರೆಂಟ್ ಕಂಬ, ಸ್ಕೂಟರ್ ಒಂದನ್ನೂ ಬಿಡುವುದಿಲ್ಲ. ನೋಡಿದವರು 'ಥೇಟ್ ಫೋಟೋ' ಅಂತಾರೆ. ಖುಷಿಪಡಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ದೊಡ್ಡ ಕಲಾವಿದರು ನಗರವನ್ನು ಹೇಗೆ ಬರೆದಿದ್ದಾರೆ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ತೊಂದರೆ ಇದೆ ನೋಡಿ: 'ಒಂದನ್ನೂ ಬಿಡುವುದಿಲ್ಲ'.

18ನೇ ಶತಮಾನದ ವೆನಿಸ್‌ನ ಕೆನಲೆಟ್ಟೊ ಫೋಟೋದಷ್ಟೇ ನಿಖರ ಅನಿಸುತ್ತಾನೆ. ಆದರೆ ಒಂದೇ ಕಡೆ ನಿಂತರೆ ಕಾಣದ ಕಟ್ಟಡಗಳನ್ನೂ ಎಳೆದು ತಂದು ಒಂದೇ ಚಿತ್ರದಲ್ಲಿ ಕೂರಿಸುತ್ತಿದ್ದ. ಅಷ್ಟು ನಿಖರವಾಗಿ ಬರೆಯುವವನೇ ಸುಳ್ಳು ಹೇಳುತ್ತಿದ್ದ, ಅಲ್ವಾ?

ನನಗೆ ಇಷ್ಟ ಫ್ರಾನ್ಸಿನ ಚಿತ್ರಕಾರ ಪಿಸಾರೊ. ಕಣ್ಣಿನ ತೊಂದರೆಯಿಂದ ಗಾಳಿ, ಧೂಳಿನಲ್ಲಿ ನಿಂತು ಬರೆಯುವುದು ಅವನಿಗೆ ಕಷ್ಟವಾಗಿತ್ತು. 1897ರಲ್ಲಿ ಪ್ಯಾರಿಸ್‌ನ ಹೋಟೆಲೊಂದರಲ್ಲಿ ರೂಮು ಮಾಡಿ, ಕಿಟಕಿಯಿಂದ ಕಂಡ ಮಾಂಟ್‌ಮಾರ್ತ್ರ್ ಬೀದಿಯನ್ನು ಮತ್ತೆ ಮತ್ತೆ ಬರೆದ. ಚಳಿಗಾಲದ ಬೆಳಗು, ಮಳೆ, ಹಬ್ಬದ ಮೆರವಣಿಗೆ. ಮೇಲಿನಿಂದ ನೋಡಿದ್ದಕ್ಕೆ ಜನರಿಗೆ ಮುಖವೇ ಇಲ್ಲ, ಒಬ್ಬೊಬ್ಬರೂ ಬ್ರಷ್ಷಿನ ಒಂದೊಂದು ಚುಕ್ಕೆ. ಮಾರಿಕಾಂಬೆ ಜಾತ್ರೆಯನ್ನು ಮಹಡಿಯಿಂದ ನೋಡಿದ್ದರೆ ನಿಮಗೆ ಇದು ಗೊತ್ತೇ ಇರುತ್ತದೆ. ಆ ಸರಣಿಯಲ್ಲಿ ರಾತ್ರಿಯ ಚಿತ್ರ ಒಂದೇ ಒಂದು. ಒದ್ದೆ ರಸ್ತೆಯ ಮೇಲೆ ದೀಪಗಳು ಕರಗಿ ಹರಡಿಕೊಂಡಿವೆ.

ಅಮೆರಿಕದ ಎಡ್ವರ್ಡ್ ಹಾಪರ್ ಇದಕ್ಕೆ ಪೂರ್ತಿ ಉಲ್ಟಾ. 1930ರ 'ಅರ್ಲಿ ಸಂಡೇ ಮಾರ್ನಿಂಗ್'ನಲ್ಲಿ ಬಾಗಿಲು ಹಾಕಿದ ಸಾಲು ಅಂಗಡಿಗಳಿವೆ, ಜನ ಒಬ್ಬರೂ ಇಲ್ಲ. ಗಾಜಿನ ಮೇಲೆ ಅಕ್ಷರದಂಥದ್ದೇನೋ ಇದೆ, ಓದಲು ಬರುವುದಿಲ್ಲ. ಆದರೆ ಮಹಡಿಯ ಕಿಟಕಿಗಳನ್ನು ಗಮನಿಸಿ: ಪರದೆ ಒಂದರಲ್ಲಿ ಅರ್ಧ ಇಳಿದಿದೆ, ಇನ್ನೊಂದರಲ್ಲಿ ಸ್ವಲ್ಪವೇ. ಒಳಗೆ ಜನ ಮಲಗಿದ್ದಾರೆ ಅನ್ನುವುದು ಅಷ್ಟರಿಂದಲೇ ತಿಳಿಯುತ್ತದೆ.

ನಮ್ಮವರಲ್ಲಿ ರಾಮ್ ಕುಮಾರ್ ವಾರಾಣಸಿಯನ್ನು ಜನರಿಲ್ಲದೆ ಬರೆದರು. ಮುಂಬೈಯ ಸುಧೀರ್ ಪಟವರ್ಧನ್‌ಗೆ ಜನ ಇಲ್ಲದಿದ್ದರೆ ನಗರವೇ ಇಲ್ಲ. ರುಮಾಲೆ ಚೆನ್ನಬಸವಯ್ಯ ಬೆಂಗಳೂರಿನ ಬೀದಿ ಬರೆದರೆ ಹೂಬಿಟ್ಟ ಮರವೇ ಜಾಸ್ತಿ ಜಾಗ ತಗೊಳ್ಳುತ್ತದೆ. ಯಾರದು ಸರಿ ಅಂತ ಕೇಳಬೇಡಿ.

ಇಲ್ಲಿ ಕಾರವಾರದಲ್ಲಿ ನನ್ನ ಹತ್ತಿರ ಕಲಿಯುವ ಹುಡುಗರು ಕಾಳಿ ಸೇತುವೆ ಬರೆಯಲು ಎಲ್ಲರೂ ಒಂದೇ ದಡದಲ್ಲಿ ಕೂರುತ್ತಾರೆ. ಒಂದು ದಿನ ಸದಾಶಿವಗಡದ ಗುಡ್ಡ ಹತ್ತಿಸಿದೆ. ಅಲ್ಲಿಂದ ನೋಡಿದರೆ ಸೇತುವೆ ಬರೀ ಒಂದು ಗೆರೆ, ಉಳಿದದ್ದೆಲ್ಲ ನೀರು. ಬೈದುಕೊಂಡೇ ಬರೆದರು, ಆದರೆ ಆ ವರ್ಷದ ಒಳ್ಳೆಯ ಚಿತ್ರಗಳು ಅವೇ.

ನೀವೂ ಪೇಟೆಯಲ್ಲಿ ಪರಿಚಯದವರ ಮಹಡಿ ಕಿಟಕಿ ಒಂದನ್ನು ಹುಡುಕಿ. ಮಳೆಗಾಲದಲ್ಲೇ ಶುರು ಮಾಡಿ. ಹಂಚಿನ ಮಾಡು, ಅಂಗಡಿ ಮುಂದಿನ ನೀಲಿ ತಾಡಪಾಲು, ಕೊಡೆಗಳು. ಇಷ್ಟು ಸಾಕು. ಆಷಾಢದಲ್ಲಿ ಕಾಗದ ಬೇಗ ಒಣಗುವುದಿಲ್ಲ ಅಂತ ಗೊಣಗಬೇಡಿ. ಒದ್ದೆ ಇರುವಾಗಲೇ ಹಳದಿ ಇಟ್ಟರೆ ಬೀದಿದೀಪ ತಾನಾಗಿ ರಸ್ತೆಗೆ ಹರಡುತ್ತದೆ. ಬೋರ್ಡಿನ ಅಕ್ಷರ ಮಾತ್ರ ದಯವಿಟ್ಟು ಬರೆಯಬೇಡಿ.