ಮದುವೆ ಫೋಟೋಗೆ ಎಸ್‌ಆರ್‌ಜಿಬಿ ಇಡಬೇಕಾ, ಅಡೋಬಿ ಆರ್‌ಜಿಬಿ ಇಡಬೇಕಾ?

ಕ್ಯಾಮೆರಾ ಮೆನುವಿನಲ್ಲಿ ಎರಡೂ ಇವೆ, ಆಲ್ಬಂಗೆ ಯಾವುದು ಇಡಲಿ, ಪ್ರಿಂಟ್‌ಗೆ ಸಿಎಂವೈಕೆ ಮಾಡಿಯೇ ಕೊಡಬೇಕಾ ಎಂದು ಕೇಳಿದ್ದೀರಿ. ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ ಅಂದರೆ ಕೆಂಪು, ಹಸಿರು, ನೀಲಿಯಲ್ಲಿ ಬಣ್ಣ ಅಳೆಯುವ ಎರಡು ಅಳತೆ, ಅಡೋಬಿಯದು ದೊಡ್ಡದು. ಸಿಎಂವೈಕೆ ಅಂದರೆ ಪ್ರೆಸ್ಸಿನ ನಾಲ್ಕು ಶಾಯಿಯ ಲೆಕ್ಕ. ಎಸ್‌ಆರ್‌ಜಿಬಿ ಇಡಿ. ಲ್ಯಾಬ್‌ನವರು ಬಾಯಿಬಿಟ್ಟು ಕೇಳುವವರೆಗೆ ಸಿಎಂವೈಕೆ ತಂಟೆಗೆ ಹೋಗಬೇಡಿ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಅಡೋಬಿ ಆರ್‌ಜಿಬಿಯಲ್ಲಿ ಬಣ್ಣ ಜಾಸ್ತಿ ಸಿಗುತ್ತದೆ ಎಂದು ಎಲ್ಲೋ ಓದಿ, ಒಂದು ಇಡೀ ಮದುವೆಯನ್ನು ಅದರಲ್ಲೇ ಜೆಪೆಗ್ ತೆಗೆದೆ. ನನ್ನ ಫೋಟೋಶಾಪ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಪ್ರಿಂಟ್ ಬಂದಾಗ ನೋಡಿದರೆ ಹುಡುಗಿಯ ಕೆಂಪು ರೇಷ್ಮೆ ಸೀರೆ ಹತ್ತು ಸಲ ಒಗೆದ ಹಾಗಿತ್ತು. ಮುಖಗಳಂತೂ ಜ್ವರ ಬಿಟ್ಟು ಎದ್ದವರದ್ದು. ಕೈಯಿಂದ ದುಡ್ಡು ಹಾಕಿ ಮತ್ತೆ ಪ್ರಿಂಟ್ ಹಾಕಿಸಿದೆ.

ಫೈಲಿನಲ್ಲಿ ಇರುವುದು ಬರೀ ಅಂಕಿ. 200 ಕೆಂಪು ಅಂದರೆ ಎಷ್ಟು ಕೆಂಪು ಎಂದು ಹೇಳುವುದು ಪ್ರೊಫೈಲ್. ಆ ಲ್ಯಾಬ್‌ನ ಮೆಷಿನ್ ಪ್ರೊಫೈಲ್ ನೋಡದೆ ಎಲ್ಲವನ್ನೂ ಎಸ್‌ಆರ್‌ಜಿಬಿ ಎಂದೇ ಓದಿತು. ದೊಡ್ಡ ಸೇರಿನಲ್ಲಿ ಅಳೆದ ಅಕ್ಕಿಯನ್ನು ಸಣ್ಣ ಸೇರಿನ ಲೆಕ್ಕಕ್ಕೆ ಬರೆದುಕೊಂಡರೆ ಏನಾಗುತ್ತದೋ ಅದೇ ಆಯಿತು. ನಿಮ್ಮಲ್ಲೂ ಹೀಗಾಗಿದೆಯಾ ಅಂತ ಫೈಲ್ ಹೆಸರು ನೋಡಿ. ಕ್ಯಾನನ್, ನಿಕಾನ್‌ಗಳಲ್ಲಿ ಅಡೋಬಿ ಆರ್‌ಜಿಬಿ ಫೋಟೋದ ಹೆಸರು ಅಂಡರ್‌ಸ್ಕೋರ್‌ನಿಂದ ಶುರುವಾಗುತ್ತದೆ. ಸಿಕ್ಕರೆ ಫೋಟೋಶಾಪ್‌ನಲ್ಲಿ 'ಕನ್ವರ್ಟ್ ಟು ಪ್ರೊಫೈಲ್' ಕೊಟ್ಟು ಎಸ್‌ಆರ್‌ಜಿಬಿ ಆರಿಸಿ. ಪಕ್ಕದಲ್ಲೇ ಇರುವ 'ಅಸೈನ್' ಒತ್ತಬೇಡಿ. ಅದು ಅಂಕಿ ಹಾಗೇ ಬಿಟ್ಟು ಸೇರನ್ನು ಮಾತ್ರ ಬದಲಿಸುತ್ತದೆ.

ಹಾಗಂತ ಅಡೋಬಿ ಆರ್‌ಜಿಬಿ ದಂಡ ಅಲ್ಲ. ಎಸ್‌ಆರ್‌ಜಿಬಿ 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಸೇರಿ ಅಂದಿನ ಮಾಮೂಲಿ ಮಾನಿಟರ್‌ಗೆ ಹೊಂದುವಂತೆ ಮಾಡಿದ್ದು. ಪ್ರೆಸ್ಸಿನ ಶಾಯಿ ಕೊಡಬಲ್ಲ ಕೆಲವು ನೀಲಿ-ಹಸಿರುಗಳು, ಅಂದರೆ ಸೀರೆ ಅಂಗಡಿಯವರ 'ರಾಮಾ ಗ್ರೀನ್' ಥರದವು, ಅದರೊಳಗೆ ಪೂರ್ತಿ ಹಿಡಿಸುವುದಿಲ್ಲ. ಒಳ್ಳೆಯ ಇಂಕ್‌ಜೆಟ್‌ನಲ್ಲಿ ಪ್ರೊಫೈಲ್ ನೋಡಿ ಪ್ರಿಂಟ್ ಮಾಡುವವರು ಸಿಕ್ಕರೆ ಅಡೋಬಿ ಆರ್‌ಜಿಬಿ 16 ಬಿಟ್ (ಬಣ್ಣದ ಮೆಟ್ಟಿಲು ಹೆಚ್ಚಿರುವ) ಫೈಲ್ ಕೊಡಿ. ಅದಕ್ಕೇ ರಾ (ಸೆನ್ಸರ್ ಕೊಟ್ಟ ಕಚ್ಚಾ ಫೈಲ್) ತೆಗೆಯಿರಿ ಅನ್ನುವುದು. ರಾ ಫೈಲಿಗೆ ಆ ಮೆನು ಲೆಕ್ಕಕ್ಕೇ ಇಲ್ಲ, ಆಮೇಲೆ ಯಾವುದು ಬೇಕೋ ಅದಕ್ಕೆ ತೆಗೆಯಬಹುದು.

ಲಗ್ನಪತ್ರಿಕೆಯ ಕಥೆ ಬೇರೆ. ಆಫ್‌ಸೆಟ್ ಪ್ರೆಸ್ಸಿಗೆ ಸಿಎಂವೈಕೆ ಬೇಕೇ ಬೇಕು, ಆದರೆ ಕೊನೆಯ ಹೆಜ್ಜೆಯಲ್ಲಿ, ಪ್ರೆಸ್‌ನವರು ಕೊಟ್ಟ ಪ್ರೊಫೈಲ್‌ಗೆ. ಅದಕ್ಕೂ ಮೊದಲು ಫೋಟೋಶಾಪ್‌ನಲ್ಲಿ ಅದೇ ಪ್ರೊಫೈಲ್ ಇಟ್ಟು ಕಂಟ್ರೋಲ್-ವೈ ಒತ್ತಿ, ಪ್ರಿಂಟ್ ಹೇಗೆ ಬರುತ್ತದೆ ಎಂದು ಪರದೆಯಲ್ಲೇ ನೋಡಿ. ಗಿಳಿ ಹಸಿರು ಮಂಕಾಗುತ್ತದೆ, ಕಡು ನೀಲಿ ನೇರಳೆಗೆ ತಿರುಗುತ್ತದೆ. ಗಿರಾಕಿಗೆ ಅದನ್ನೇ ತೋರಿಸಿ ಒಪ್ಪಿಸಿ. ಅಕ್ಷರದ ಕಪ್ಪು ಮಾತ್ರ ಕೆ (ಕಪ್ಪು ಶಾಯಿ) 100 ಒಂದೇ ಇರಲಿ. ನಾಲ್ಕೂ ಶಾಯಿ ಸೇರಿದ ಕಪ್ಪಾದರೆ, ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಸಣ್ಣ ಒತ್ತಕ್ಷರಗಳ ಅಂಚಿನಲ್ಲಿ ಕೆಂಪು, ನೀಲಿ ನೆರಳು ಕಾಣುತ್ತದೆ.