ಯೋಜನೆಯ ಕೆಲಸಗಳನ್ನೂ ಕಡತಗಳನ್ನೂ ಒಂದೇ ತಂತ್ರಾಂಶದಲ್ಲಿ ಇಡುವುದರಿಂದ ನಿಜವಾಗಿ ಏನು ಲಾಭ?

ಯಾವ ಕಡತ ಈಗ ಚಾಲ್ತಿಯಲ್ಲಿದೆ, ಅದರಲ್ಲಿ ಯಾರು ಏನು ಮಾಡಬೇಕಿದೆ ಎಂದು ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ. ಅದೇ ಮೊದಲ ಲಾಭ.

ಇಮೇಲ್‌ಗೆ ಕಡತ ಲಗತ್ತಿಸಿ ಕಳುಹಿಸಿದಾಗ ಪ್ರತಿಯೊಬ್ಬರ ಕೈಗೂ ಒಂದೊಂದು ಪ್ರತಿ ಸೇರುತ್ತದೆ. ಐವರು ತಿದ್ದಿದರೆ ಐದು ಬೇರೆ ಬೇರೆ ಕಡತಗಳು. ‘ವರದಿ-ಅಂತಿಮ’, ‘ವರದಿ-ಅಂತಿಮ-2’ ಎಂಬ ಹೆಸರುಗಳು ಹುಟ್ಟುವುದೇ ಹೀಗೆ. ಎಲ್ಲವೂ ಒಂದೆಡೆ ಇದ್ದಾಗ ಮೂಲ ಕಡತ ಒಂದೇ ಆಗಿರುತ್ತದೆ. ಕೆಲಸದ ನಮೂದಿಗೆ (ತಂಡದ ಕೆಲಸಗಳನ್ನು ಪಟ್ಟಿಮಾಡಿಡುವ ಟ್ರೆಲ್ಲೊ ತಂತ್ರಾಂಶದಲ್ಲಾದರೆ ಕಾರ್ಡ್‌ಗೆ) ಅಂಟಿಸುವುದು ಅದರ ಕೊಂಡಿಯನ್ನು ಮಾತ್ರ. ಯಾರು ತೆರೆದರೂ ಕಾಣುವುದು ಅದೇ ಕಡತ.

ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಮಾತುಕತೆಯ ದಾಖಲೆ. ‘ಮೂರನೇ ಪುಟದ ಕೋಷ್ಟಕ ತೆಗೆಯಿರಿ, ಅಂಕಿಗಳು ಹಳೆಯವು’ ಎಂಬ ಟಿಪ್ಪಣಿ ಕಡತದ ಪಕ್ಕದಲ್ಲೇ ಉಳಿದಿದ್ದರೆ, ಆರು ತಿಂಗಳ ನಂತರ ತಂಡಕ್ಕೆ ಬಂದವರಿಗೂ ಕೋಷ್ಟಕ ಏಕಿಲ್ಲ ಎಂಬುದು ತಿಳಿಯುತ್ತದೆ. ಅದೇ ಮಾತು ಚಾಟ್‌ನಲ್ಲಿ ಆಗಿದ್ದರೆ ಅಷ್ಟರೊಳಗೆ ನೂರಾರು ಸಂದೇಶಗಳ ಅಡಿಯಲ್ಲಿ ಹೂತುಹೋಗಿರುತ್ತದೆ.

ಹಾಗೆಂದು ಎಲ್ಲವನ್ನೂ ಒಂದೇ ಕಂಪನಿಯ ತಂತ್ರಾಂಶಕ್ಕೆ ಸಾಗಿಸಲೇಬೇಕೆಂದಿಲ್ಲ. ಕಡತ ಗೂಗಲ್ ಡ್ರೈವ್‌ನಲ್ಲೇ ಇರಲಿ, ಅದರ ಕೊಂಡಿ ಕೆಲಸದೊಂದಿಗೆ ಇದ್ದರೆ ಸಾಕು. ಆದರೆ ದಯವಿಟ್ಟು ಕೆಲಸದ ನಮೂದಿಗೆ ಕಂಪ್ಯೂಟರ್‌ನಿಂದ ಕಡತವನ್ನೇ ಅಪ್‌ಲೋಡ್ ಮಾಡಬೇಡಿ. ಆಗ ಮತ್ತೊಂದು ಪ್ರತಿ ಸೃಷ್ಟಿಯಾಗಿ ಹಳೆಯ ಗೊಂದಲವೇ ಮರಳುತ್ತದೆ. ಕೊಂಡಿ ಹಂಚುವ ಮುನ್ನ ತಂಡದ ಎಲ್ಲರಿಗೂ ಆ ಕಡತ ತೆರೆಯುವ ಅನುಮತಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.